ಎಳೆಯ ಮರೆಯ ಗುರಿ

ಮೊದಲಿಗೇ ಒಂದು ಮಾತನ್ನು ಒಪ್ಪಿಕೊಂಡುಬಿಡುತ್ತೇನೆ. ನಾನು ಬೇಟೆಗಾರನಲ್ಲ. ಬಂದೂಕನ್ನು ಕೈಯಲ್ಲಿ ಹಿಡಿದದ್ದು ಕಾಲೇಜಿನ ಎನ್.ಸಿ.ಸಿ. ದಿನಗಳಲ್ಲಿ ಎರಡೇ ಸಲ. ಆ ಎರಡು ಸಲವೂ ಗುರಿಹಲಗೆಗೆ ನನ್ನಿಂದ ಯಾವ ಅಪಾಯವೂ ಒದಗಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕು ಹಳಗನ್ನಡ ಕಾವ್ಯದ ಪಾಠ ಹೇಳಿದವನು ಬಂದೂಕಿನ ದೂರದರ್ಶಕದೊಳಗಿನ ಎಳೆಯೊಂದರ ಚರಿತ್ರೆಯನ್ನು ಹೇಳಹೊರಟರೆ ಕೇಳುಗರು ಹುಬ್ಬೇರಿಸುವುದು ಸಹಜ. ಆದರೆ ಈ ವಿಷಯ ನನ್ನನ್ನು ಹುಡುಕಿಕೊಂಡು ಬಂದಿತೇ ಹೊರತು ನಾನು ಅದನ್ನು ಹುಡುಕಿಕೊಂಡು ಹೋಗಲಿಲ್ಲ.

ಎರಡು ವರ್ಷದ ಹಿಂದೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಮಗನ ಮನೆಯಲ್ಲಿ ಒಂದು ಬೇಸಗೆಯನ್ನು ಕಳೆದೆ. ಪಕ್ಕದಲ್ಲೇ ಒಂದು ಹೈನುಗಾರನ ಜಮೀನು. ಆತನಿಗೆ ಎಪ್ಪತ್ತು ದಾಟಿತ್ತು. ಸಂಜೆ ಬೇಲಿಯ ಬಳಿ ನಿಂತು ನನ್ನೊಡನೆ ಹರಟುತ್ತಿದ್ದ. ಅವನ ಹುಲ್ಲುಗಾವಲಿನ ತುಂಬ ಗ್ರೌಂಡ್‌ಹಾಗ್ ಎಂಬ ಪ್ರಾಣಿಯ ಬಿಲಗಳು. ಅಳಿಲಿನ ಕುಲದ್ದೇ ಆದರೂ ನಮ್ಮ ಮನೆಯ ಬೆಕ್ಕಿನಷ್ಟು ದಪ್ಪ. ಹಿಂಗಾಲ ಮೇಲೆ ಎದ್ದು ನಿಂತು ಸುತ್ತ ನೋಡುವ ಅಭ್ಯಾಸ. ಬಿಲಕ್ಕೆ ಕಾಲು ಸಿಕ್ಕಿ ದನ ಮುಗ್ಗರಿಸುತ್ತದೆಂದೂ ಟ್ರ್ಯಾಕ್ಟರಿನ ಚಕ್ರ ಕುಸಿಯುತ್ತದೆಂದೂ ಆ ರೈತನ ದೂರು. ದೂರದಿಂದ ಹೊಡೆಯಲು ಹೊಸದೊಂದು ಸ್ಕೋಪನ್ನು ಕೊಳ್ಳಬೇಕೆಂದು ಒಂದು ಬೆಲೆಪಟ್ಟಿಯನ್ನು ತಂದು ತೋರಿಸಿದ. ಅದರ ಒಂದು ಪುಟದ ತುಂಬ ಬರಿಯ ವೃತ್ತಗಳು. ಒಂದೊಂದು ವೃತ್ತದೊಳಗೂ ಒಂದೊಂದು ಬಗೆಯ ಗೆರೆ: ಕೆಲವು ಬರಿಯ ಕೂಡುಗೆರೆ, ಕೆಲವಕ್ಕೆ ನಡುವೆ ಚುಕ್ಕಿ, ಇನ್ನು ಕೆಲವು ಕೆಳಕೆಳಗೆ ಅಗಲವಾಗುತ್ತ ಹೋಗುವ ಏಣಿಯ ಹಾಗೆ. ಇವಕ್ಕೆ ಅವರು ರೆಟಿಕಲ್ ಎನ್ನುತ್ತಾರೆ. "ಪ್ರೊಫೆಸರ್, ನೀವಾದರೆ ಯಾವುದನ್ನು ಆರಿಸುತ್ತೀರಿ?" ಎಂದು ಆತ ತಮಾಷೆಗೆ ಕೇಳಿದ. ನಾನು ಉತ್ತರ ಹೇಳಲಿಲ್ಲ. ಆ ವೃತ್ತಗಳನ್ನು ನೋಡುತ್ತಿದ್ದಂತೆ ನನಗೆ ನೆನಪಾದದ್ದು ನಮ್ಮ ತಂದೆಯವರು.

ನಾವು ಮಕ್ಕಳು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದುದು. ಅಣ್ಣ ಸರ್ವೆಯರ್ ಆಗಿದ್ದರು. ನನಗೆ ಎಂಟೊಂಬತ್ತು ವರ್ಷವಿದ್ದಾಗ ತರೀಕೆರೆಯ ಕಡೆ ನಾಲೆಯೊಂದರ ಅಳತೆಯ ಕೆಲಸದ ಮೇಲಿದ್ದರು. ಬೇಸಗೆಯ ರಜೆಯಲ್ಲಿ ನಾನೂ ಅವರ ಬಿಡಾರದಲ್ಲಿದ್ದೆ. ಒಂದು ಬೆಳಗ್ಗೆ ಥಿಯೊಡೊಲೈಟಿನೊಳಗಿನ ಎಳೆ ಹರಿದುಹೋಯಿತು. ಸರಪಳಿ ಹಿಡಿಯುವ ಆಳುಗಳೆಲ್ಲ ಆ ದಿನದ ಕೆಲಸ ಹೋಯಿತೆಂದು ಬೀಡಿ ಹಚ್ಚಿದರು. ಅಣ್ಣ ಮಾತಾಡದೆ ಕೈವಾರವನ್ನು ಬಿಡಿಸಿ ಹಿಡಿದು, ಬಿಡಾರದ ಹಿಂದಿನ ಲಂಟಾನ ಪೊದೆಗೆ ಹೋಗಿ ಒಂದು ಜೇಡವನ್ನು ಕಡ್ಡಿಯ ಮೇಲೆ ಹತ್ತಿಸಿಕೊಂಡರು. ಕಡ್ಡಿಯನ್ನು ಮೆಲ್ಲಗೆ ಕೊಡವಿದಾಗ ಜೇಡ ತನ್ನ ನೂಲಿನ ಮೇಲೆ ಕೆಳಗಿಳಿಯಿತು. ಆ ನೂಲನ್ನು ಕೈವಾರದ ಎರಡು ಮೊನೆಗಳ ನಡುವೆ ಬಿಗಿಯಾಗಿ ಸುತ್ತಿಕೊಂಡರು. ಹಿತ್ತಾಳೆಯ ಬಳೆಯ ಮೇಲೆ ಕೊರೆದಿದ್ದ ಸಣ್ಣ ಗೀರುಗಳಲ್ಲಿ ಅದನ್ನು ಕೂರಿಸಿ, ಅರಗಿನ ವಾರ್ನಿಷಿನ ಒಂದೊಂದು ತೊಟ್ಟನ್ನಿಟ್ಟರು. ಒಣಗಿದ ಮೇಲೆ ನನ್ನನ್ನು ಎತ್ತಿ ಕನ್ನಡಿಯೊಳಗೆ ನೋಡಿಸಿದರು. ಬರಿಗಣ್ಣಿಗೆ ಕಾಣದೆಯೇ ಹೋಗುತ್ತಿದ್ದ ಆ ಎಳೆ, ಒಳಗೆ ಮಸಿಯಲ್ಲಿ ಬರೆದ ಗೆರೆಯ ಹಾಗೆ ಕಪ್ಪಗೆ ನಿಂತಿತ್ತು. ಅದರ ಹಿಂದೆ ದೂರದ ಅಳತೆಗೋಲು, ತಲೆಕೆಳಗಾಗಿ.

ಇದು ಹೇಗಾಗುತ್ತದೆ? ಇದರ ಉತ್ತರದಲ್ಲೇ ನಮ್ಮ ಕಥೆಯ ಮೊದಲ ಅಧ್ಯಾಯವಿದೆ. ಗೆಲಿಲಿಯೊ ಬಳಸಿದ ದೂರದರ್ಶಕದಲ್ಲಿ ಕಣ್ಣಿನ ಕಡೆಯದು ತಗ್ಗುಮಸೂರ; ಆ ಕೊಳವೆಯೊಳಗೆ ಬಿಂಬ ಎಲ್ಲಿಯೂ ಮೂಡಿ ನಿಲ್ಲುವುದಿಲ್ಲ. 1611ರಲ್ಲಿ ಕೆಪ್ಲರ್ ಎರಡೂ ಕಡೆ ಉಬ್ಬುಮಸೂರವನ್ನೇ ಇಡುವ ಬಗೆಯನ್ನು ವಿವರಿಸಿದ. ಅದರಲ್ಲಿ ದೂರದ ವಸ್ತುವಿನ ಬಿಂಬ ಕೊಳವೆಯ ಒಳಗೇ ಒಂದು ನಿಶ್ಚಿತವಾದ ಜಾಗದಲ್ಲಿ ಮೂಡುತ್ತದೆ. ಆ ಜಾಗದಲ್ಲಿ ಏನನ್ನಿಟ್ಟರೂ ಅದು ಬಿಂಬದೊಡನೆ ಬೆರೆತು, ಚಂದ್ರನ ಮೇಲೆಯೇ ಬರೆದಿಟ್ಟಂತೆ ಕಾಣುತ್ತದೆ. ಕೆಪ್ಲರನಿಗೆ ಇದು ಹೊಳೆಯಿತೋ ಇಲ್ಲವೋ, ಹೊಳೆದದ್ದು ಇಂಗ್ಲೆಂಡಿನ ಲೀಡ್ಸ್ ಬಳಿಯ ಮಿಡ್ಲ್‌ಟನ್ನಿನ ವಿಲಿಯಂ ಗ್ಯಾಸ್ಕಾಯಿನ್ ಎಂಬ ತರುಣನಿಗೆ, 1640ರ ಸುಮಾರಿಗೆ. ಹೊಳೆಯಿಸಿದ್ದು ಒಂದು ಜೇಡ. ತೆರೆದಿಟ್ಟಿದ್ದ ಉಪಕರಣದೊಳಗೆ ಅದು ಎಳೆದಿದ್ದ ಒಂದು ನೂಲು ಸರಿಯಾಗಿ ಬಿಂಬದ ಜಾಗದಲ್ಲೇ ಬಿದ್ದು ಸ್ಫುಟವಾಗಿ ಕಂಡಿತು. ಗ್ಯಾಸ್ಕಾಯಿನ್ ಅದನ್ನು ದೈವಕೃಪೆಯೆಂದೇ ಗಣಿತಜ್ಞ ಆಟ್ರೆಡ್‌ಗೆ ಪತ್ರ ಬರೆದ. ರಾತ್ರಿ ತೀರ ಕತ್ತಲಾಗಿ ಎಳೆ ಕಾಣದಿದ್ದರೆ ಒಂದು ಲಾಂದ್ರದ ಬೆಳಕು ಮಸೂರದ ಮೇಲೆ ಬೀಳುವಂತೆ ಇಡುತ್ತೇನೆಂಬುದೂ ಅವನ ಬರವಣಿಗೆಯಲ್ಲಿದೆ. ಇಂದಿನ ಬೆಲೆಪಟ್ಟಿಯಲ್ಲಿ ಬ್ಯಾಟರಿಯಿಂದ ಬೆಳಗುವ ರೆಟಿಕಲ್ಲಿಗೆ ಹೆಚ್ಚುವರಿ ಬೆಲೆಯಿದೆ.

1644ರ ಜುಲೈ 2ರಂದು ಮಾರ್ಸ್ಟನ್ ಮೂರ್ ಕದನದಲ್ಲಿ ದೊರೆಯ ಪಕ್ಷದಲ್ಲಿದ್ದ ಗ್ಯಾಸ್ಕಾಯಿನ್ ಸತ್ತ. ಮೂವತ್ತೆರಡರ ಆಸುಪಾಸಿನ ವಯಸ್ಸು. ಅವನ ಕೆಲಸ ಮರೆತೇಹೋಗುತ್ತಿತ್ತು. 1667ರಲ್ಲಿ ಫ್ರೆಂಚರು ಇಂಥದೇ ಉಪಕರಣವನ್ನು ತಮ್ಮದೆಂದು ಹೇಳಿಕೊಂಡಾಗ ರಿಚರ್ಡ್ ಟೌನ್ಲಿ ಎಂಬುವನು ಹಳೆಯ ಉಪಕರಣವನ್ನು ಎದುರಿಗಿಟ್ಟು ರಾಯಲ್ ಸೊಸೈಟಿಗೆ ಆ ಹೆಸರನ್ನು ನೆನಪಿಸಿದ.

ಇಷ್ಟಾದರೂ ಎಳೆಯನ್ನು ಎಲ್ಲರೂ ಕೂಡಲೇ ಒಪ್ಪಲಿಲ್ಲವೆಂಬುದು ಸ್ವಾರಸ್ಯ. ಡಾನ್ಜಿಗ್ ನಗರದ ಹೆವೇಲಿಯಸ್ ಆ ಕಾಲದ ಘನ ಜ್ಯೋತಿರ್ವಿಜ್ಞಾನಿ. ನಕ್ಷತ್ರಗಳ ಸ್ಥಾನವನ್ನು ಅಳೆಯುವುದಕ್ಕೆ ಮಸೂರವೂ ಬೇಡ, ಎಳೆಯೂ ಬೇಡ, ತೆರೆದ ಕಿಂಡಿಯೂ ಬರಿಗಣ್ಣೂ ಸಾಕೆಂಬುದು ಅವನ ಹಟ. ಲಂಡನ್ನಿನ ರಾಬರ್ಟ್ ಹುಕ್ 1674ರಲ್ಲಿ ಒಂದು ಪುಸ್ತಕವನ್ನೇ ಬರೆದು ಅವನನ್ನು ಖಂಡಿಸಿದ. ಕೊನೆಗೆ 1679ರಲ್ಲಿ ಎಡ್ಮಂಡ್ ಹ್ಯಾಲಿ ಸ್ವತಃ ಡಾನ್ಜಿಗ್‌ಗೆ ಹೋಗಿ ಮುದುಕನ ಜೊತೆ ಕುಳಿತು ಅಳೆದು ನೋಡಿದ. ಬರಿಗಣ್ಣಿನ ಅಳತೆ ಅಷ್ಟು ಕರಾರುವಾಕ್ಕಾಗಿರುವುದನ್ನು ಕಂಡು ಬೆರಗಾದ. ನನಗೆ ಹೆವೇಲಿಯಸ್ಸನ ಮೇಲೆ ಸ್ವಲ್ಪ ಪಕ್ಷಪಾತವಿದೆ. ಆದರೆ ಗೆದ್ದದ್ದು ಎಳೆಯೇ. ಅದೇ ಎಳೆಯನ್ನು ಬಳಸಿ 1669–70ರಲ್ಲಿ ಪಿಕಾರ್ ಫ್ರಾನ್ಸಿನಲ್ಲಿ ಭೂಮಿಯ ಗಾತ್ರವನ್ನು ಅಳೆದಿದ್ದ. ಅದರ ವಂಶದ ಉಪಕರಣಗಳನ್ನೇ ಹೊತ್ತುಕೊಂಡು ಲ್ಯಾಂಬ್ಟನ್ 1800ರಲ್ಲೂ ಮತ್ತೆ 1804ರಲ್ಲೂ ನಮ್ಮ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು, ದಕ್ಷಿಣ ಭಾರತದ ಮೇಲೆ ತ್ರಿಕೋನಗಳ ಬಲೆಯನ್ನು ನೇಯ್ದ. ರೆಟಿಕಲ್ ಎಂಬ ಮಾತಿನ ಮೂಲ ಲ್ಯಾಟಿನ್ನಿನ ರೆಟಿಕ್ಯುಲಂ. ಅರ್ಥ ಚಿಕ್ಕ ಬಲೆ. ಜೇಡನಿಗೆ ಸಲ್ಲಬೇಕಾದ ಮರ್ಯಾದೆ ಮಾತಿನಲ್ಲಾದರೂ ಸಂದಿದೆ.

ನಕ್ಷತ್ರಕ್ಕೂ ನೆಲಕ್ಕೂ ಹಿಡಿದ ಎಳೆ ಬಂದೂಕಿಗೆ ಬಂದದ್ದು ತಡವಾಗಿ, ಇನ್ನೂರು ವರ್ಷ ಕಳೆದ ಮೇಲೆ. 1848ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಚ್ಯಾಪ್ಮನ್ ಎಂಬುವನು ಗುರಿಕಾರರಿಗಾಗಿ ಬರೆದ ಕೈಪಿಡಿಯೊಂದನ್ನು ಪ್ರಕಟಿಸಿದ. ಬಂದೂಕಿನ ಮೇಲೆ ಕೂರಿಸುವ ದೂರದರ್ಶಕದ ವಿವರಣೆ ಅದರಲ್ಲಿದೆ. ಆತ ವೃತ್ತಿಯಿಂದ ಸಿವಿಲ್ ಎಂಜಿನಿಯರ್. ಎಂದರೆ ಅಣ್ಣನ ಕುಲದವನೇ. ಥಿಯೊಡೊಲೈಟಿನ ಎಳೆಯನ್ನು ಕಂಡಿದ್ದವನು. 1855ರಲ್ಲಿ ಸಿರಾಕ್ಯೂಸ್ ಊರಿನ ವಿಲಿಯಂ ಮಾಲ್ಕಂ ಬಂದೂಕಿನ ದೂರದರ್ಶಕಗಳನ್ನು ತಯಾರಿಸತೊಡಗಿದ. ಕೆಲವೇ ವರ್ಷಗಳಲ್ಲಿ ಅಮೆರಿಕದ ಅಂತರ್ಯುದ್ಧ ಬಂತು. ಆ ಎಳೆಗಳ ಹಿಂದೆ ಮನುಷ್ಯರು ನಿಂತರು. ಆ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ.

ಈಗ ಆ ರೈತನ ಪ್ರಶ್ನೆಗೆ ಬರೋಣ. ಎಳೆ ತೋರಿಸುವುದಷ್ಟೇ ಅಲ್ಲ, ಮರೆಸುತ್ತದೆ ಕೂಡ. ನಾಲೆಯ ಅಳತೆಗೋಲು ಎಷ್ಟಾದರೂ ದೊಡ್ಡದು. ಅದರ ಒಂದು ಕೂದಲೆಳೆಯಷ್ಟು ಭಾಗ ಮರೆಯಾದರೆ ನಷ್ಟವಿಲ್ಲ. ಯುರೋಪಿನ ಕಾಡುಗಳಲ್ಲಿ ಮುಸ್ಸಂಜೆಯ ಮಬ್ಬಿನಲ್ಲಿ ಹಂದಿಯನ್ನು ಕಾಯುವವನಿಗೆ ಬೇಕಾದದ್ದು ಕಣ್ಣಿಗೆ ಹೊಡೆಯುವಷ್ಟು ದಪ್ಪನೆಯ ಕಪ್ಪು ಗೂಟ. ಜರ್ಮನಿಯ ಸ್ಕೋಪುಗಳಲ್ಲಿ ಅಂಥ ಮೂರು ಗೂಟಗಳ ವಿನ್ಯಾಸ ಬಹುಕಾಲ ರೂಢಿಯಲ್ಲಿತ್ತು. ಸಣ್ಣ ಎಳೆ ಆ ಬೆಳಕಿನಲ್ಲಿ ಕರಗಿಯೇಹೋಗುತ್ತದೆ. ಆದರೆ ನಡುಹಗಲಿನ ಬಯಲಿನಲ್ಲಿ, ನಾನೂರು ಗಜದಾಚೆ ಬಿಲದಿಂದ ತಲೆಯೆತ್ತಿದ ಪುಟ್ಟ ಪ್ರಾಣಿಗೆ? ಒಂದು ಲೆಕ್ಕ ಹೇಳುತ್ತೇನೆ, ಬೇಸರಿಸಬಾರದು. ಒಂದು ಅಂಶದ ಅರವತ್ತನೆಯ ಪಾಲನ್ನು ನಮ್ಮ ಜ್ಯೋತಿಷಿಗಳು ಕಲೆ ಎನ್ನುತ್ತಾರೆ. ಒಂದು ಕಲೆ ನೂರು ಗಜದಲ್ಲಿ ಸುಮಾರು ಒಂದು ಅಂಗುಲವನ್ನು ಮುಚ್ಚುತ್ತದೆ, ನಾನೂರು ಗಜದಲ್ಲಿ ನಾಲ್ಕು ಅಂಗುಲವನ್ನು. ಅಮೆರಿಕದ ನಡುಬಯಲಿನ ಪ್ರೇರಿ ಡಾಗ್ ಎಂಬ ಪ್ರಾಣಿ ಎದ್ದು ನಿಂತರೆ ಅದರ ಮೈಯ ಅಗಲ ಮೂರು ನಾಲ್ಕು ಅಂಗುಲ. ಆದುದರಿಂದ ಒಂದು ಕಲೆಯಷ್ಟು ದಪ್ಪದ ಎಳೆಯನ್ನು ಅದರ ಮೇಲಿಟ್ಟರೆ ಪ್ರಾಣಿಯೇ ಎಳೆಯ ಹಿಂದೆ ಅಡಗಿಬಿಡುತ್ತದೆ. ಎಳೆ ಕಲೆಯ ಎಂಟನೆಯ ಒಂದು ಭಾಗದಷ್ಟಿದ್ದರೆ ಮರೆಯಾಗುವುದು ಅರ್ಧ ಅಂಗುಲ ಮಾತ್ರ.

ಹೀಗೆ ಬಂದೂಕಿನ ಲೋಕದಲ್ಲಿ ಎಳೆಯನ್ನು ತೆಳುವಾಗಿಸುತ್ತ ಹೋದವರಲ್ಲಿ ಗುರಿಹಲಗೆಗೆ ಹೊಡೆಯುವ ಸ್ಪರ್ಧಾಳುಗಳೊಡನೆ, ಹುಲಿಸಿಂಹಗಳ ಹೆಸರಾಂತ ಬೇಟೆಗಾರರಲ್ಲ, ಈ ಸಣ್ಣಪ್ರಾಣಿಗಳ ಬೇಟೆಗಾರರು ಸೇರಿದ್ದಾರೆ. ಅವರು ತಮ್ಮ ಬೇಟೆಯನ್ನು ವಾರ್ಮಿಂಟ್ ಎನ್ನುತ್ತಾರೆ. ಈ ಮಾತು ವರ್ಮಿನ್ ಎಂಬುದರ ಹಳ್ಳಿಗಾಡಿನ ಉಚ್ಚಾರಣೆ. ಅದರ ಹಿಂದಿರುವುದು ಹುಳು ಎಂಬರ್ಥದ ಲ್ಯಾಟಿನ್ ಶಬ್ದ. ಒಂದು ಪ್ರಾಣಿಯನ್ನು ಮೊದಲು ಮಾತಿನಲ್ಲಿ ಹುಳುವಾಗಿಸಿದರೆ ಮುಂದಿನ ಕೆಲಸ ಸುಲಭ. ಇಂಗ್ಲೆಂಡಿನಲ್ಲಿ 1566ರ ಕಾಯಿದೆಯೊಂದು ಧಾನ್ಯರಕ್ಷಣೆಯ ಹೆಸರಿನಲ್ಲಿ ಇಂಥ ಪ್ರಾಣಿಗಳ ತಲೆಗೆ ಬೆಲೆ ಕಟ್ಟಿತು. ಚರ್ಚಿನ ಮುಖಂಡರೇ ಹಣ ತೆರುತ್ತಿದ್ದರು. ನರಿಗೆ ಹನ್ನೆರಡು ಪೆನ್ನಿ, ಮುಳ್ಳುಹಂದಿಗಿಂತ ಎಷ್ಟೋ ಚಿಕ್ಕದಾದ ಹೆಡ್ಜ್‌ಹಾಗ್‌ಗೆ ಎರಡು ಪೆನ್ನಿ. ಆ ಬಡಪ್ರಾಣಿ ಮಾಡಿದ್ದ ಅಪರಾಧವೆಂದರೆ, ರಾತ್ರಿ ಮಲಗಿದ ಹಸುವಿನ ಮೊಲೆಗೆ ಬಾಯಿಡುತ್ತದೆಂಬ ಜನರ ನಂಬಿಕೆ. ನಮ್ಮಲ್ಲಿಯೂ 1972ರ ವನ್ಯಜೀವಿ ಕಾಯಿದೆಯ ಐದನೆಯ ಅನುಸೂಚಿಯಲ್ಲಿ ಕಾಗೆ, ಹಣ್ಣುಬಾವಲಿ, ಇಲಿ ಹೆಗ್ಗಣಗಳು ಈ ಹೆಸರಿನಡಿಯಲ್ಲಿದ್ದವು. 2022ರ ತಿದ್ದುಪಡಿ ಆ ಅನುಸೂಚಿಯನ್ನು ತೆಗೆದುಹಾಕಿತು. ಪಿತೃಪಕ್ಷದಲ್ಲಿ ಮನೆಯ ಮುಂದೆ ಅನ್ನವಿಟ್ಟು ಕಾಗೆಯನ್ನು ಕಾಯುವ ನಾಡು ಐವತ್ತು ವರ್ಷ ಅದನ್ನು ಆ ಪಟ್ಟಿಯಲ್ಲಿಟ್ಟಿತ್ತೆಂಬುದು ನನಗೆ ತಿಳಿದದ್ದೇ ಇತ್ತೀಚೆಗೆ. ಪೆನ್ಸಿಲ್ವೇನಿಯಾದವರನ್ನು ಆಡಿಕೊಳ್ಳುವ ಹಾಗಿಲ್ಲ. ಅವರೂ ಪಂಕ್ಸಟಾನಿ ಎಂಬ ಊರಿನಲ್ಲಿ 1887ರಿಂದ ಫೆಬ್ರವರಿ 2ರಂದು ಇದೇ ಗ್ರೌಂಡ್‌ಹಾಗನ್ನು ಬಿಲದಿಂದೆತ್ತಿ, ಚಳಿಗಾಲ ಇನ್ನೆಷ್ಟು ದಿನವೆಂದು ಭವಿಷ್ಯ ಕೇಳುತ್ತಾರೆ. ಜೂನ್ ತಿಂಗಳಲ್ಲಿ ಅದು ವಾರ್ಮಿಂಟ್.

ಪ್ರೇರಿ ಡಾಗ್‌ನ ಸಂಗತಿ ಇಷ್ಟು ಹಗುರವಲ್ಲ. ದನಗಳ ಹುಲ್ಲನ್ನು ತಿನ್ನುತ್ತದೆಂದು ಇಪ್ಪತ್ತನೆಯ ಶತಮಾನದಲ್ಲಿ ಸರ್ಕಾರವೇ ವಿಷವಿಕ್ಕಿಸಿ ಅದನ್ನು ನಿರ್ಮೂಲ ಮಾಡಹೊರಟಿತು. ಅದರ ಬಿಲಗಳಲ್ಲಿ ವಾಸಿಸಿ ಅದನ್ನೇ ತಿಂದು ಬದುಕುವ ಕಪ್ಪುಕಾಲಿನ ಫೆರೆಟ್ ಎಂಬ ಪ್ರಾಣಿ ಭೂಮಿಯಿಂದಲೇ ಅಳಿದುಹೋಯಿತೆಂದು ಎಲ್ಲರೂ ನಂಬಿದ್ದರು. 1981ರಲ್ಲಿ ವಯೋಮಿಂಗ್ ಸಂಸ್ಥಾನದ ಮಿಟೀಟ್ಸಿ ಬಳಿ ಒಂದು ನಾಯಿ ಅಂಥದೊಂದನ್ನು ಕೊಂದು ಮನೆಗೆ ತಂದಿತು. ಹುಡುಕಿದಾಗ ಒಂದು ಸಣ್ಣ ಗುಂಪು ಉಳಿದಿತ್ತು. ಎಳೆ ಎಷ್ಟು ತೆಳುವಾದರೂ ಇಂಥ ನಂಟುಗಳು ಅದರಲ್ಲಿ ಕಾಣುವುದಿಲ್ಲ.

ಎಳೆಯ ಕಥೆಗೆ ಮರಳುತ್ತೇನೆ. 1930ರ ದಶಕದಲ್ಲಿ ಸಣ್ಣ ಗುಂಡಿನ ವೇಗ ಒಮ್ಮೆಲೇ ಹೆಚ್ಚಿತು, 1935ರ.220 ಸ್ವಿಫ್ಟ್ ಸೆಕೆಂಡಿಗೆ 4,000 ಅಡಿಗಳನ್ನು ಮೀರಿತು. ಗುಂಡು ದೂರ ಹೋಗಬಲ್ಲುದಾದಾಗ ಕಣ್ಣೂ ದೂರ ಹೋಗಬೇಕಾಯಿತು. ಅದಕ್ಕೆ ಬೇಕಾದ ದೊಡ್ಡ ಸ್ಕೋಪುಗಳನ್ನು ಮಾಡಿದವರು ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ನಗರದ ಫೆಕರ್, ಆ ಬಳಿಕ ಅಲ್ಲಿಯೇ ದುಡಿದು ಹೊರಬಂದ ಉನರ್ಟ್ಲ್. ಫೆಕರ್ ಖಗೋಳ ವೀಕ್ಷಣಾಲಯಗಳಿಗೆ ದೂರದರ್ಶಕ ಮಾಡುತ್ತಿದ್ದ ಮನೆತನದ ಕೆಲಸಗಾರ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿದ ಜಪಾಲ್-ರಂಗಾಪುರದ 48 ಅಂಗುಲದ ದೂರದರ್ಶಕ ಅದೇ ಹೆಸರಿನ ಸಂಸ್ಥೆಯಲ್ಲಿ ತಯಾರಾದದ್ದು. ನಕ್ಷತ್ರಕ್ಕೂ ಬಿಲದ ಪ್ರಾಣಿಗೂ ಒಂದೇ ಕಾರ್ಖಾನೆ! ಆ ದಿನಗಳಲ್ಲಿಯೂ ಎಳೆ ಜೇಡರದ್ದೇ. ಅಲಬಾಮದ ಬರ್ಮಿಂಗ್‌ಹ್ಯಾಮಿನಲ್ಲಿ ಲೀ ಎಂಬ ಗುರಿಕಾರ, ಜೇಡರ ನೂಲಿನ ಮೇಲೆ ಸೂಜಿಮೊನೆಗಿಂತ ಸಣ್ಣ ಚುಕ್ಕಿಯನ್ನು ಕೂರಿಸಿಕೊಡುವುದರಲ್ಲಿ ಹೆಸರುವಾಸಿಯಾದ. ಎಳೆ ಕಣ್ಣಿಗೆ ಹತ್ತದಷ್ಟು ತೆಳುವಾಗಿದ್ದರೂ ಚುಕ್ಕಿ ಕಾಣುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಯುಕೈಪಾದಲ್ಲಿ ನ್ಯಾನ್ ಸಾಂಗರ್ ಎಂಬಾಕೆ ಮನೆಯಲ್ಲಿಯೇ ಜೇಡಗಳನ್ನು ಸಾಕಿ, ವಿಷಕ್ಕೆ ಹೆಸರಾದ ಬ್ಲ್ಯಾಕ್ ವಿಡೋ ಜಾತಿಯದೂ ಸೇರಿ, ಅವುಗಳಿಂದ ನೂಲೆಳೆದು ಉಪಕರಣದವರಿಗೆ ಮಾರುತ್ತಿದ್ದರು. ಲಂಟಾನ ಪೊದೆಯ ಬಳಿ ಅಣ್ಣ ಮಾಡಿದ ಕೆಲಸವೇ ಅದು.

ಮುಂದೆ ಎಳೆಯ ಜಾಗದಲ್ಲಿ ಲೋಹದ ತಂತಿ, ಗಾಜಿನ ಮೇಲೆ ಕೊರೆದ ಗೆರೆ ಬಂದವು. 1962ರಲ್ಲಿ ಲ್ಯೂಪೋಲ್ಡ್ ಸಂಸ್ಥೆ ಡ್ಯೂಪ್ಲೆಕ್ಸ್ ಎಂಬ ವಿನ್ಯಾಸವನ್ನು ತಂದಿತು. ಅಂಚಿನಲ್ಲಿ ದಪ್ಪ, ನಡುವೆ ಬಂದಂತೆ ತೆಳು. ದಪ್ಪಗೆರೆ ಮಬ್ಬಿನಲ್ಲಿಯೂ ಕಣ್ಣನ್ನು ನಡುವಿಗೆ ಕರೆದೊಯ್ಯುತ್ತದೆ. ಅಲ್ಲಿ ತೆಳುಗೆರೆ ಗುರಿಯನ್ನು ಮರೆಸದೆ ನಿಲ್ಲುತ್ತದೆ. ಮುನ್ನೂರು ವರ್ಷದ ಜಗಳಕ್ಕೆ ಇಷ್ಟು ಸರಳವಾದ ರಾಜಿ! 1970ರ ದಶಕದ ಕೊನೆಗೆ ಅಮೆರಿಕದ ನೌಕಾಪಡೆಯ ಮರೀನ್ ಯೋಧರಿಗಾಗಿ ಗೆರೆಯ ಮೇಲೆ ಅಳತೆಯ ಚುಕ್ಕಿಗಳನ್ನಿಟ್ಟರು. ಚುಕ್ಕಿಗೂ ಚುಕ್ಕಿಗೂ ನಡುವಿನ ಅಂತರ ಸಾವಿರ ಗಜದಲ್ಲಿ ಒಂದು ಗಜ. ಅದರಿಂದ ದೂರವನ್ನು ಲೆಕ್ಕಹಾಕಬಹುದು. ಅದರ ಮರಿಮಕ್ಕಳೇ ಇಂದಿನ ಏಣಿಯಂಥ ವಿನ್ಯಾಸಗಳು. ಗುಂಡು ದೂರ ಹೋದಂತೆ ಎಷ್ಟು ಇಳಿಯುತ್ತದೆ, ಗಾಳಿಗೆ ಎಷ್ಟು ಸರಿಯುತ್ತದೆ ಎಂಬುದಕ್ಕೆಲ್ಲ ಅಲ್ಲಿ ಒಂದೊಂದು ಗೀಟಿದೆ.

ಇನ್ನೊಂದು ತೊಡಕೂ ಉಂಟು. ಬಿಂಬವನ್ನು ಬೇಕಾದಷ್ಟು ಹಿಗ್ಗಿಸಬಲ್ಲ ಸ್ಕೋಪಿನಲ್ಲಿ ಗೆರೆಯನ್ನು ಹಿಗ್ಗಿಸುವ ಮಸೂರದ ಮುಂದಿಟ್ಟರೆ ಬಿಂಬದೊಡನೆ ಗೆರೆಯೂ ಹಿಗ್ಗುತ್ತದೆ. ಗೀಟುಗಳ ಅಳತೆ ಸದಾ ನಿಜ, ಆದರೆ ಗೆರೆ ಮುಚ್ಚುವಷ್ಟನ್ನು ಮುಚ್ಚಿಯೇ ಮುಚ್ಚುತ್ತದೆ. ಹಿಂದಿಟ್ಟರೆ ಗೆರೆ ಇದ್ದಷ್ಟೇ ಇದ್ದು ಬಿಂಬ ಮಾತ್ರ ಹಿಗ್ಗುತ್ತದೆ. ಆಗ ಸಣ್ಣ ಪ್ರಾಣಿ ಗೆರೆಯ ಮರೆಯಿಂದ ಹೊರಬರುತ್ತದೆ, ಆದರೆ ಗೀಟುಗಳ ಅಳತೆ ಒಂದು ವೃದ್ಧಿಯಲ್ಲಿ ಮಾತ್ರ ಸರಿ.

ಇಷ್ಟನ್ನು ಓದಿಕೊಂಡು, ಕೆಲವು ದಿನ ಬಿಟ್ಟು ನಾನು ರೈತನಿಗೆ ಉತ್ತರ ಹೇಳಿದೆ. ಆತನ ಮನಸ್ಸು ಏಣಿಯ ಮೇಲಿತ್ತು. ನಾನು ಕೇಳಿದ್ದು ಒಂದೇ: ಹುಲ್ಲುಗಾವಲು ಎಷ್ಟು ಉದ್ದ? ಮುನ್ನೂರು ಗಜ ದಾಟದು. ಇನ್ನೂರು ಗಜಕ್ಕೆ ಹೊಂದಿಸಿದ ಅವನ ಬಂದೂಕಿನ ಗುಂಡು ಮುನ್ನೂರರಲ್ಲಿ ಐದಾರು ಅಂಗುಲ ಇಳಿಯುತ್ತದೆಂದು ಅವನೇ ಹೇಳಿದ. ನಾನೂರರಲ್ಲಿ ಒಂದಡಿಗೂ ಮಿಕ್ಕು, ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಬೀಸಿದರೆ ಪಕ್ಕಕ್ಕೂ ಅಷ್ಟೇ. ಏಣಿಯ ಗೀಟುಗಳು ಗಾಳಿ ಎಷ್ಟೆಂದು ಹೇಳುವುದಿಲ್ಲ. ಎಷ್ಟಿದ್ದರೆ ಎಲ್ಲಿ ಹಿಡಿಯಬೇಕೆಂದಷ್ಟೇ ಹೇಳುತ್ತವೆ. ಗೀಟು ಇದೆಯೆಂಬ ಧೈರ್ಯದಿಂದ ಅಳತೆ ಮೀರಿ ಹೊಡೆದರೆ ಗುಂಡು ತಾಗಿಯೂ ಸಾಯದ ಪ್ರಾಣಿ ಬಿಲದೊಳಗೆ ತೆವಳಿಕೊಂಡು ಹೋಗುತ್ತದೆ. ಆಮೇಲೆ ಅದನ್ನು ಯಾರೂ ಕಾಣರು. ಹೊಡೆಯಲೇಬೇಕೆಂದಿದ್ದರೆ ಹಿಂಬದಿಯ, ನಡುವೆ ತೆಳುವಾದ, ಅಂಚು ದಪ್ಪನಾದ ಬರಿಯ ಕೂಡುಗೆರೆ ಸಾಕು, ಎಂದೆ. ಆತ ನನ್ನನ್ನು ಸ್ವಲ್ಪ ಹೊತ್ತು ನೋಡಿ, "ನೀವು ಕವಿತೆ ಪಾಠ ಮಾಡುತ್ತಿದ್ದಿರೆಂದು ನಿಮ್ಮ ಮಗ ಹೇಳಿದ್ದ" ಎಂದ.

ನಾನು ಹೇಳಿದ್ದನ್ನೇ ಕೊಂಡನಂತೆ. ಊರಿಗೆ ಬಂದ ಮೇಲೆ ಸೆಪ್ಟೆಂಬರಿನಲ್ಲಿ ಮಗ ಫೋನು ಮಾಡಿದಾಗ ವಿಚಾರಿಸಿದೆ. "ಅಪ್ಪಾ, ಆ ಗ್ರೌಂಡ್‌ಹಾಗ್ ಈಗ ಅವರ ಕೊಟ್ಟಿಗೆಯ ಅಡಿಗೇ ಬಂದು ಬಿಲ ತೋಡಿದೆ. ಹತ್ತು ಗಜ ದೂರ. ಅಷ್ಟು ಹತ್ತಿರದ್ದು ಆ ಸ್ಕೋಪಿನಲ್ಲಿ ಬರೀ ಮಂಜಾಗಿ ಕಾಣುತ್ತದಂತೆ" ಎಂದ.